ಟವೆಲ್ ಎಸೆದ ಅಪ್ಪನಿಗೆ

ಫೆಲ್ಥಮ್,
ಮಂಗಳವಾರ

ಅಪ್ಪಾ,

ನಾನು ಫೋನ್ ಎತ್ತುತ್ತಿಲ್ಲವೆಂದು ಅಮ್ಮ ಅಳುತ್ತಿದ್ದಾಳಂತೆ. ಅದಕ್ಕೇ ಬರೆಯುತ್ತಿದ್ದೇನೆ. ಮೊಣಕೈಗೆ ಏನೂ ಆಗಿಲ್ಲ. ಎಕ್ಸ್‌ರೇ ಬೇಡ.

ಜಪಾನಿನ ಈ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂದು ಮೊದಲೇ ಗೊತ್ತುಮಾಡಿರುತ್ತಾರೆ, ಆದರೆ ಒದೆತವೂ ಹಿಡಿತವೂ ನಿಜ ಎಂದು ನಿಮಗೆ ಎಷ್ಟು ಸಲ ಹೇಳಿದ್ದೆ! "ಅದೇನ್ ಕುಸ್ತಿ, ಬರೇ ನಾಟಕ ಅದ" ಎಂದು ಪ್ರತಿ ಸಲವೂ ನಕ್ಕಿರಿ. ಶನಿವಾರ ನನ್ನ ಕೋಚ್‌ಗೆ ಜ್ವರ ಬಂದಿದ್ದರಿಂದ ರಿಂಗಿನ ಮೂಲೆಯಲ್ಲಿ ನಿಲ್ಲಲು ನಿಮ್ಮನ್ನು ಕರೆದೆ. ಬೆವರು ಒರೆಸಲು ಟವೆಲ್ ಕೊಟ್ಟೆ. ಅದನ್ನು ಒಳಗೆ ಎಸೆದರೆ ನಾನು ಸೋಲೊಪ್ಪಿಕೊಂಡಂತೆ ಎಂದೂ ಎಚ್ಚರಿಸಿದ್ದೆ.

ಎದುರಾಳಿ ಸಯೂರಿ ನನ್ನ ತೋಳು ತಿರುವಿದಾಗ ನಾನು ರಿಂಗಿನ ಹಗ್ಗದ ಕಡೆಗೆ ಕಾಲು ಚಾಚುತ್ತಿದ್ದೆ. ಹಗ್ಗ ಮುಟ್ಟಿದ್ದರೆ ಅವಳು ಹಿಡಿತ ಬಿಡಲೇಬೇಕಿತ್ತು. ಆಮೇಲೆ ಗೆಲುವು ನನ್ನದೆಂದು ಮೊದಲೇ ತೀರ್ಮಾನವಾಗಿತ್ತು, ಗೆದ್ದವಳಿಗೆ ಒಸಾಕಾದಲ್ಲಿ ಮುಂದಿನ ಪಂದ್ಯ. ಮೂಳೆ ಡಾಕ್ಟರಾದ ನಿಮಗೆ ನನ್ನ ಮೊಣಕೈ ಮಾತ್ರ ಕಂಡಿತು. ಟವೆಲ್ ನನ್ನ ಮುಖದ ಮೇಲೆ ಬಿತ್ತು.

ಡ್ರೆಸಿಂಗ್ ರೂಮಿಗೆ ಬಂದು ಸಯೂರಿ ತಲೆಬಾಗಿ ಕ್ಷಮೆ ಕೇಳಿದಳು, ತಪ್ಪು ಅವಳದಲ್ಲದಿದ್ದರೂ. ನೀವು "ಕೈ ಉಳಿಸೀನಿ ನೋಡು" ಅಂದಿರಿ. ಒಸಾಕಾಕ್ಕೆ ಅವಳೇ ಹೋಗುತ್ತಾಳೆ.

ನಿಮ್ಮ ಕಾರಿನಲ್ಲಿರುವ ನನ್ನ ಬೂಟುಗಳನ್ನು ಅಮ್ಮನ ಕೈಲಿ ಕಳಿಸಿ. ನೀವು ಬರುವುದು ಬೇಡ. ಈಸ್ಟ್ ಹ್ಯಾಮ್‌ನಲ್ಲಿ ನಮ್ಮವರು ಯಾರಾದರೂ ಪಂದ್ಯದ ಬಗ್ಗೆ ಕೇಳಿದರೆ, ಎಂದಿನಂತೆ ಅದೆಲ್ಲ ನಾಟಕ ಅಂತಲೇ ಹೇಳಿ. ಶನಿವಾರ ಒಂದೇ ಒಂದು ನಿಮಿಷ ಆ ಮಾತನ್ನು ನೀವೂ ನಂಬಿದ್ದರೆ ಸಾಕಿತ್ತು.

ಮೊಣಕೈ ನೆಟ್ಟಗಿರುವ ಮಗಳು,
ಮೈಥಿಲಿ