ಮಹಡಿ ಹತ್ತಿದವರಿಗಷ್ಟೇ ಗುಣವಾಗುವ ಮಾತ್ರೆ

ಔಷಧ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಡ್ರಿಪ್ ಮೂಲಕ ಕೊಡುತ್ತಿದ್ದ ಔಷಧವನ್ನು ಮುಂದಿನ ತಿಂಗಳಿನಿಂದ ನಿಲ್ಲಿಸಿ, ಎಲ್ಲರಿಗೂ ಹೊಸ ಮಾತ್ರೆಯನ್ನೇ ಕೊಡಬೇಕೆಂದು ತಾವು ಆದೇಶ ಹೊರಡಿಸಿದ್ದೀರಿ. ಆ ಆದೇಶಕ್ಕೆ ಆಧಾರ, ನಿಮ್ಮ ಸಮಿತಿಯೂ ಇರುವ ಆಸ್ಪತ್ರೆ ಕಟ್ಟಡದ ಸಂಶೋಧನಾ ವಿಭಾಗದ ನರರೋಗ ತಜ್ಞರೊಬ್ಬರು ಪ್ರಕಟಿಸಿರುವ ಪ್ರಬಂಧ. ಆ ಪ್ರಬಂಧಕ್ಕೆ ಆಧಾರ, ಆ ವಿಭಾಗವಿರುವ ಮೂರನೇ ಮಹಡಿಯವರೆಗೆ ಮೆಟ್ಟಿಲು ಹತ್ತಿ ಬಂದ ರೋಗಿಗಳು. ಮೆಟ್ಟಿಲು ಏಕೆ ಹತ್ತಬೇಕಾಯಿತೆಂದರೆ ಲಿಫ್ಟು ಕೆಟ್ಟಿತ್ತು. ಹತ್ತಲಾಗದವರು ಕೆಳಗೇ ಉಳಿದರು. ಹಾಗೆ ಉಳಿದವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಈ ಪತ್ರವನ್ನು ಆಕೆಯ ಪಕ್ಕದಲ್ಲಿ ಕೂತೇ ಬರೆಯುತ್ತಿದ್ದೇನೆ. ಸಿಟ್ಟು ಸಾಲದು ಎನಿಸಿದಲ್ಲೆಲ್ಲ ಆಕೆಯೇ ತಿದ್ದಿಸುತ್ತಿದ್ದಾಳೆ.

ತಮಗೆ ಕಾಯಿಲೆಯ ಪರಿಚಯ ಇದ್ದೇ ಇರುತ್ತದೆ. ಇಲ್ಲದೆ ಅದರ ಔಷಧದ ಬಗ್ಗೆ ತೀರ್ಮಾನ ಕೈಗೊಳ್ಳುವಷ್ಟು ಧೈರ್ಯ ಯಾರಿಗಿರುತ್ತದೆ? ಆದರೂ ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ. ದೇಹವನ್ನು ಕಾಯಬೇಕಾದ ಪಡೆಯೇ ತಿರುಗಿಬಿದ್ದು ನಮ್ಮ ನರಗಳ ಮೇಲಿನ ಹೊದಿಕೆಯನ್ನು ಹಾಳುಮಾಡುತ್ತದೆ. ವೈರಿನ ಪ್ಲಾಸ್ಟಿಕ್ಕನ್ನು ಇಲಿ ಕಡಿದ ಹಾಗೆ. ಒಮ್ಮೆ ಕಣ್ಣು ಮಂಜಾಗುತ್ತದೆ, ಇನ್ನೊಮ್ಮೆ ಕಾಲು ಮಾತು ಕೇಳುವುದಿಲ್ಲ, ಮತ್ತೊಮ್ಮೆ ಎಲ್ಲ ಸರಿಹೋದಂತೆ ಕಾಣುತ್ತದೆ. ಯಾವಾಗ ಮತ್ತೆ ಎರಗುತ್ತದೆಂದು ಯಾರೂ ಹೇಳಲಾರರು. ಎರಗಿ ಹೋದಾಗಲೆಲ್ಲ ಏನನ್ನಾದರೂ ಕಿತ್ತುಕೊಂಡು ಹೋಗುವುದುಂಟು, ಅದನ್ನು ತಡೆಯುವುದಕ್ಕೇ ಔಷಧ.

ನನ್ನ ಹೆಂಡತಿ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕಿ. ಮಕ್ಕಳು ಆಕೆಗಿಟ್ಟ ಹೆಸರು ಸೀಟಿ ಮೇಡಂ. ಕೊರಳಲ್ಲಿ ಸೀಟಿಯಿಲ್ಲದೆ ಆಕೆಯನ್ನು ನೋಡಿದವರು ಕಡಿಮೆ. ಮನೆಯಲ್ಲಿ ಕುಕ್ಕರ್ ಕೂಗಿದರೆ ಅದಕ್ಕೂ ಉತ್ತರ ಕೊಡುತ್ತಾಳೆ. ನನ್ನದು ಕನ್ನಡಕದ ಅಂಗಡಿ. ಒಂದು ದಿನ ಅಂಗಡಿಗೆ ಬಂದವಳು, "ರೀ, ಎಡಗಣ್ಣಿಗೆ ಕೆಂಪು ಬಣ್ಣ ತೊಳೆದು ಒಣಗಿಸಿದ ಹಾಗೆ ಕಾಣ್ತಿದೆ, ನಿಮ್ಮ ಗಾಜು ಹಾಕಿ ನೋಡಿ" ಎಂದಳು. ಹಾಕಿ ನೋಡಿದೆ. ಇದು ಗಾಜಿನಿಂದ ಆಗುವ ಕೆಲಸವಲ್ಲವೆಂದು ತಿಳಿದು, ಆ ಹೊತ್ತಿನಲ್ಲೇ ಅಂಗಡಿಯ ಬಾಗಿಲೆಳೆದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಾಯಿಲೆಗೆ ಹೆಸರು ಸಿಕ್ಕಿತು, ಡ್ರಿಪ್ ಶುರುವಾಯಿತು, ಆಕೆ ಮತ್ತೆ ಮೈದಾನಕ್ಕಿಳಿದಳು. ಓಡುವುದು ನಿಂತಿತ್ತು. ಮಕ್ಕಳನ್ನು ಓಡಿಸುವುದಕ್ಕೆ ಏನೂ ಅಡ್ಡಿಯಿರಲಿಲ್ಲ.

ಆಗಲೇ ತಮ್ಮ ಸಂಶೋಧಕ ಮಹಾಶಯರು ಹೊಸ ಮಾತ್ರೆಯ ಅಧ್ಯಯನಕ್ಕೆ ರೋಗಿಗಳನ್ನು ಹುಡುಕುತ್ತಿದ್ದರು. ನನಗೆ ಮನಸ್ಸಿರಲಿಲ್ಲ. "ನಾಲ್ಕು ಜನಕ್ಕೆ ಉಪಯೋಗ ಆಗುತ್ತೆ ಅಂದ್ರೆ ನಾನೇ ಮೊದಲು ಸಾಲಲ್ಲಿ ನಿಲ್ತೀನಿ. ಮಕ್ಕಳಿಗೆ ಹೇಳಿಕೊಡೋದೂ ಅದೇ ತಾನೇ?" ಎಂದು ನನ್ನ ಬಾಯಿ ಮುಚ್ಚಿಸಿದಳು. ಡ್ರಿಪ್ ಬಿಟ್ಟು ಮಾತ್ರೆ ಹಿಡಿದಳು. ಮೊದಲ ಭೇಟಿಗಳಲ್ಲಿ ನನ್ನ ಹೆಗಲು ಹಿಡಿದು, ಮಧ್ಯೆ ಮಧ್ಯೆ ನಿಂತು, ಗೋಡೆಗೆ ಒರಗಿ, ಮೂರು ಮಹಡಿ ಹತ್ತಿದಳು. ಲಿಫ್ಟಿನ ಮುಂದೆ "ದುರಸ್ತಿಯಲ್ಲಿದೆ" ಎಂಬ ಬೋರ್ಡು ತೂಗುತ್ತಿತ್ತು. ಅಧ್ಯಕ್ಷರೇ, ಹೆಜ್ಜೆ ತಪ್ಪುವ ಕಾಯಿಲೆಗೆ ಮೂರನೇ ಮಹಡಿಯಲ್ಲಿ ಅಂಗಡಿ ತೆರೆದು, ಇದ್ದ ಒಂದು ಲಿಫ್ಟನ್ನೂ ಕೆಟ್ಟಂತೆ ಬಿಟ್ಟಿರುವುದಕ್ಕೆ ಎಂಥ ಪಾಂಡಿತ್ಯ ಬೇಕು! ಸಾಮಾನ್ಯರಿಗೆ ಇದು ಹೊಳೆಯುವಂಥದ್ದೇ ಅಲ್ಲ.

ಕೆಲವು ತಿಂಗಳಲ್ಲಿ ಕಾಯಿಲೆ ಮತ್ತೆ ಎರಗಿತು. ಬಲಗಾಲು ನೆಲಕ್ಕೆ ಅಂಟಿಕೊಂಡಂತಾಯಿತು, ಸೊಂಟದಿಂದ ಕೆಳಗೆ ಬೇರೆ ಯಾರದೋ ಮೈ ಎನ್ನುತ್ತಿದ್ದಳು. ಆ ಸಲದ ಭೇಟಿಗೆ ಹೋದಾಗ ಆಸ್ಪತ್ರೆಯ ಇಬ್ಬರು ನೌಕರರು ಆಕೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೊರಟರು. ಮೊದಲ ತಿರುವಿನಲ್ಲೇ ಕುರ್ಚಿಯ ಕಾಲೊಂದು ಮಡಚಿತು. ಆಕೆ ಒಂದು ಕೈಯಲ್ಲಿ ಕಂಬಿಯನ್ನೂ ಇನ್ನೊಂದರಲ್ಲಿ ನನ್ನ ಅಂಗಿಯ ಕಾಲರನ್ನೂ ಹಿಡಿದು ಜೋತಾಡಿದಳು. ಬೀಳಲಿಲ್ಲ. ಆದರೆ ಆ ಮೆಟ್ಟಿಲಿನ ಮೇಲೆ, ಹೋಗುಬರುವವರೆಲ್ಲ ನೋಡುತ್ತಿರುವಾಗ, ಇಡೀ ಶಾಲೆಯನ್ನು ಒಂದು ಸೀಟಿಗೆ ನಿಲ್ಲಿಸುತ್ತಿದ್ದ ಹೆಂಗಸು ಅತ್ತಳು. "ಕೆಳಗೆ ಇಳಿಸಿ. ನಾನೇನು ಬೀರುವಾ?" ಎಂದಳು.

ಕೆಳಗಿನ ಬೆಂಚಿನ ಮೇಲೆ ಕೂರಿಸಿ ನಾನು ಮೇಲೆ ಓಡಿದೆ. ಅಧ್ಯಯನದ ಉಸ್ತುವಾರಿಯ ಹುಡುಗಿ ಒಳ್ಳೆಯವಳೇ, ಪಾಪ. "ಅಂಕಲ್, ನಡಿಗೆ ಪರೀಕ್ಷೆ ಇಲ್ಲಿನ ವರಾಂಡದಲ್ಲೇ ಆಗಬೇಕು. ಸರ್ ಕೆಳಗೆ ಬರಲ್ಲ. ಬೇರೆ ನೆಲದಲ್ಲಿ ನಡೆಸಿದ್ರೆ ಲೆಕ್ಕ ಹೊಂದಲ್ಲ ಅಂತಾರೆ" ಎಂದಳು.

"ಅವಳು ನಡೆಯೋಕೇ ಆಗ್ತಿಲ್ಲಮ್ಮಾ. ಅದೇ ತಾನೇ ನಿಮ್ಮ ಸರ್‌ಗೆ ಗೊತ್ತಾಗಬೇಕಿರೋದು?"

"ಗೊತ್ತಾಗಬೇಕು ಅಂಕಲ್. ಆದ್ರೆ ಮೇಲೆ ಬಂದ್ರೆ ತಾನೇ ಬರೆಯೋಕಾಗೋದು?"

ಅಷ್ಟರಲ್ಲೇ ಕೆಳಗಿನಿಂದ ಸೀಟಿಯ ಸದ್ದು ಬಂತು. ಕಟ್ಟಡದ ಮೆಟ್ಟಿಲಗುಂಟ ಅದು ಮೇಲೇರಿ ಬಂದ ರಭಸಕ್ಕೆ ಬಾಗಿಲುಗಳೆಲ್ಲ ತೆರೆದುಕೊಂಡವು. ಸಂಶೋಧಕ ಮಹಾಶಯರೂ ಹೊರಬಂದು ಕಂಬಿಯ ಮೇಲಿಂದ ಬಗ್ಗಿ ನೋಡಿದರು. ಕೆಳಗೆ ಆಕೆ ಮುಖವೆತ್ತಿ ಕೂತಿದ್ದಳು. "ಸಾರ್, ನಾನು ಬಂದಿದೀನಿ! ಹಾಜರಿ ಹಾಕ್ಕೊಳಿ! ಕಾಲು ಬರಲಿಲ್ಲ, ನಾನು ಬಂದಿದೀನಿ!" ಎಂದು ಕೂಗಿದಳು. ಕಾವಲುಗಾರ ಓಡಿಬಂದು, "ಮೇಡಂ, ಇದು ಆಸ್ಪತ್ರೆ, ಗಲಾಟೆ ಮಾಡಬೇಡಿ" ಎಂದ. ಮಹಾಶಯರು ಕನ್ನಡಕ ಸರಿಪಡಿಸಿಕೊಂಡು ಒಳಗೆ ಹೋದರು. ಅವರ ಕನ್ನಡಕದ ನಂಬರು ಸರಿಯಾಗಿಯೇ ಇತ್ತೆಂದು ನನ್ನ ವೃತ್ತಿಯ ಅನುಭವದಿಂದ ಹೇಳಬಲ್ಲೆ, ಆಕೆ ಅವರಿಗೆ ಕಂಡಿದ್ದಳು.

ಮುಂದಿನ ಭೇಟಿಗೆ ಆಕೆ ಹೋಗಲಿಲ್ಲ. ಮತ್ತೆ ಡ್ರಿಪ್ಪಿಗೆ ಮರಳಿದಳು. ಹೋದದ್ದೆಲ್ಲ ವಾಪಸ್ಸು ಬರಲಿಲ್ಲ, ಆದರೆ ಹೋಗುವುದು ನಿಂತಿತು. ಈಗ ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಸೀಟಿ ಊದುತ್ತಾಳೆ. ಮಕ್ಕಳು ಮೊದಲಿಗಿಂತ ಹೆಚ್ಚು ಹೆದರುತ್ತವಂತೆ, ಕೂತವರಿಗೆ ಎಲ್ಲವೂ ಕಾಣುತ್ತದಲ್ಲ. ಅಧ್ಯಕ್ಷರೇ, ಮುಂದಿನ ತಿಂಗಳಿನಿಂದ ತಾವು ನಿಲ್ಲಿಸಹೊರಟಿರುವುದು ಆ ಕುರ್ಚಿಯನ್ನು, ಆ ಸೀಟಿಯನ್ನು.

ಕಳೆದ ವರ್ಷ ಪ್ರಬಂಧ ಪ್ರಕಟವಾಯಿತು. ದೊಡ್ಡ ಪತ್ರಿಕೆ, ಹೊಳೆಯುವ ಕಾಗದ, ಮಹಾಶಯರಿಗೆ ಸನ್ಮಾನ. ತಾವೂ ವೇದಿಕೆಯ ಮೇಲಿದ್ದಿರಿ, ಬೆನ್ನು ತಟ್ಟಿದಿರಿ, ಫೋಟೋ ನೋಡಿದ್ದೇನೆ. ನನ್ನ ಅಂಗಡಿಗೆ ಓದುವ ಕನ್ನಡಕಕ್ಕಾಗಿ ಬರುವ ಹಿರಿಯ ವೈದ್ಯರೊಬ್ಬರ ಸಹಾಯದಿಂದ ಆ ಪ್ರಬಂಧವನ್ನು ಮೊದಲಿನಿಂದ ಕೊನೆಯವರೆಗೂ ಓದಿಸಿಕೊಂಡು ಅರ್ಥಮಾಡಿಕೊಂಡೆ. ಮಾತ್ರೆ ತೆಗೆದುಕೊಂಡು ಅಧ್ಯಯನ ಪೂರೈಸಿದವರಲ್ಲಿ ಬಹುಪಾಲು ಜನರ ನಡಿಗೆ ಕೆಡಲೇ ಇಲ್ಲವಂತೆ. ಅಬ್ಬಾ, ಎಂಥ ಅಚ್ಚರಿ! ಮೂರು ಮಹಡಿ ಹತ್ತಿ ಬಂದವರ ನಡಿಗೆ ಚೆನ್ನಾಗಿತ್ತಂತೆ! ಉಳಿದವರೆಲ್ಲ ಏನಾದರು? ಅವರಿಗೂ ಒಂದು ಸಾಲಿನ ಜಾಗ ಸಿಕ್ಕಿದೆ: ಅಧ್ಯಯನಕ್ಕೆ ಸೇರಿದವರಲ್ಲಿ ಮೂರರಲ್ಲೊಂದು ಪಾಲು ಜನ "ಸ್ವಇಚ್ಛೆಯಿಂದ ಹಿಂದೆ ಸರಿದರು".

ಸ್ವಇಚ್ಛೆ! ಈ ಪದವನ್ನು ನಾನು ಓದಿ ಹೇಳಿದಾಗ ನನ್ನ ಹೆಂಡತಿ ಮೊದಲು ನಕ್ಕಳು. ಆಮೇಲೆ, "ನಾನು ಯಾವತ್ತು ಹಿಂದೆ ಸರಿದೆ ರೀ?" ಎಂದು ಕೇಳಿದಳು. ತಮ್ಮ ಹತ್ತಿರ ಇದಕ್ಕೆ ಉತ್ತರ ಇದೆಯೇ? ಕಾಯಿಲೆ ಉಲ್ಬಣಿಸಿ ಕಾಲಿನ ಬಲ ಕಳೆದುಕೊಂಡವಳು ಫಲಿತಾಂಶದಲ್ಲಿ ಬರಬೇಕೋ, ಫಲಿತಾಂಶದಿಂದ ಆಚೆ ಹೋಗಬೇಕೋ? ಅದೇ ಬೆಂಚಿನ ಮೇಲೆ ನಮ್ಮ ಜೊತೆ ಕೂತು, ಮೆಟ್ಟಿಲನ್ನು ನೋಡಿ ನೋಡಿ ಮನೆಗೆ ಹೋದ ಟೈಲರ್ ಒಬ್ಬರಿದ್ದರು. ಅವರಿಗೂ ಇಚ್ಛೆಯೋ ಇಚ್ಛೆ. ಹೊಲಿಗೆ ಯಂತ್ರ ತುಳಿಯಲು ಕಾಲಲ್ಲಿ ಬಲವಿಲ್ಲದೆ ಈಗ ಗುಂಡಿ ಹೊಲಿಯುತ್ತಾರೆ.

ನಾನು ಒಂದು ಕೆಲಸ ಮಾಡುತ್ತೇನೆ. ರಸ್ತೆಯ ಆ ಬದಿಯಿಂದ ನನ್ನ ಅಂಗಡಿಯ ಬೋರ್ಡನ್ನು ಓದಿದವರನ್ನು ಮಾತ್ರ ಒಳಗೆ ಬಿಡುತ್ತೇನೆ. ಅವರ ಕಣ್ಣನ್ನು ಪರೀಕ್ಷಿಸಿ, "ನಮ್ಮ ಅಂಗಡಿಗೆ ಬಂದವರ ದೃಷ್ಟಿ ಅತ್ಯುತ್ತಮ" ಎಂದು ಪ್ರಬಂಧ ಬರೆಯುತ್ತೇನೆ. ತಡವರಿಸಿ ಕಂಬಕ್ಕೆ ಡಿಕ್ಕಿ ಹೊಡೆದವರು ಸ್ವಇಚ್ಛೆಯಿಂದ ಹಿಂದೆ ಸರಿದರೆಂದು ಕೆಳಗೊಂದು ಸಾಲು ಸೇರಿಸುತ್ತೇನೆ. ತಾವು ದಯಮಾಡಿ ಬಂದು ನನಗೂ ಶಾಲು ಹೊದಿಸಬೇಕು.

ಮಾತ್ರೆ ವಿಷವೆಂದು ನಾನು ಹೇಳುತ್ತಿಲ್ಲ. ಕೆಲವರಿಗೆ ಅದರಿಂದ ಒಳ್ಳೆಯದೇ ಆಗಿರಬಹುದು, ಆಗಲಿ, ಸಂತೋಷ. ನನ್ನ ಹೆಂಡತಿಗೆ ಮಾತ್ರೆಯಿಂದಲೇ ಕೆಟ್ಟಿತೆಂದು ಆಣೆಯಿಟ್ಟು ಹೇಳುವಷ್ಟು ತಿಳಿವಳಿಕೆಯೂ ನನಗಿಲ್ಲ. ಆದರೆ ಯಾರಿಗೆ ಕೆಟ್ಟಿತು, ಎಷ್ಟು ಕೆಟ್ಟಿತು ಎಂಬುದು ನಿಮ್ಮ ಮಹಾಶಯರಿಗೂ ಗೊತ್ತಿಲ್ಲ, ಏಕೆಂದರೆ ಅವರು ಕೆಳಗಿಳಿದು ಕೇಳಲೇ ಇಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಅಚ್ಚು ಹಾಕಿಸುವುದು ಅವರ ಸಾಧನೆ. ಅದನ್ನು ಓದಿಯೋ ಓದದೆಯೋ ಊರವರೆಲ್ಲರ ಡ್ರಿಪ್ ಕಿತ್ತುಹಾಕುವುದು ತಮ್ಮದು. ಇಬ್ಬರಲ್ಲಿ ಯಾರ ಬುದ್ಧಿಮತ್ತೆ ದೊಡ್ಡದೆಂದು ನಿರ್ಧರಿಸಲಾರದೆ ನಾನು ಕೈಚೆಲ್ಲಿದ್ದೇನೆ.

ಇದನ್ನೆಲ್ಲ ವಿನಯದಿಂದಲೇ ತಮ್ಮ ಕಚೇರಿಗೆ ಬರೆದಿದ್ದೆ. ಉತ್ತರ ಬಂತು. ಪ್ರಬಂಧವನ್ನು ವಿದ್ವಾಂಸರು ಪರಿಶೀಲಿಸಿಯೇ ಪ್ರಕಟಿಸಿದ್ದಾರಂತೆ. ಆದರೂ ಆಕ್ಷೇಪವಿದ್ದಲ್ಲಿ, ರೋಗಿಯು ಬರುವ ಸೋಮವಾರ ಸಮಿತಿಯ ಮುಂದೆ ಖುದ್ದಾಗಿ ಹಾಜರಾಗಿ ತಿಳಿಸಬಹುದಂತೆ. ಸ್ಥಳ: ಸಮಿತಿ ಸಭಾಂಗಣ, ಮೂರನೇ ಮಹಡಿ. ಹಾಜರಾಗದಿದ್ದಲ್ಲಿ ಆಕ್ಷೇಪವನ್ನು ಹಿಂಪಡೆಯಲಾಗಿದೆ ಎಂದು ಭಾವಿಸಲಾಗುವುದಂತೆ. ನಿನ್ನೆ ಹೋಗಿ ನೋಡಿಕೊಂಡು ಬಂದೆ. ಬೋರ್ಡು ಹಾಗೇ ತೂಗುತ್ತಿದೆ. ಧೂಳು ಮಾತ್ರ ಯಾರೋ ಒರೆಸಿದ್ದಾರೆ.

ಸ್ವಾಮೀ, ತಾವು ದಿನಾ ಆ ಬೋರ್ಡನ್ನು ದಾಟಿಕೊಂಡೇ ಮೇಲೆ ಹೋಗುತ್ತೀರಲ್ಲ, ಒಂದು ದಿನವಾದರೂ ತಲೆಯೆತ್ತಿ ಓದಿದ್ದೀರಾ? ಓದಿಲ್ಲದಿದ್ದರೆ ನನ್ನ ಅಂಗಡಿಗೆ ಬನ್ನಿ. ಓದಿಯೂ ಸುಮ್ಮನಿದ್ದರೆ ಅದಕ್ಕೆ ನನ್ನ ಹತ್ತಿರ ಗಾಜಿಲ್ಲ.

ನಾನು ಕೇಳುವುದಿಷ್ಟು. ಆದೇಶವನ್ನು ತಡೆಹಿಡಿಯಿರಿ. ಮಾತ್ರೆ ಬೇಕೆನ್ನುವವರಿಗೆ ಮಾತ್ರೆ ಕೊಡಿ, ಡ್ರಿಪ್ಪಿನಿಂದ ಕಾಯಿಲೆ ಹತೋಟಿಯಲ್ಲಿರುವವರಿಗೆ ಡ್ರಿಪ್ ಉಳಿಸಿ. ಸ್ವಇಚ್ಛೆಯವರೆಂದು ಬರೆಸಿಕೊಂಡ ಪ್ರತಿಯೊಬ್ಬರ ಮನೆಬಾಗಿಲಿಗೂ ಸಂಶೋಧಕ ಮಹಾಶಯರನ್ನು ಕಳಿಸಿ. ಅವರ ಕಾಲು ಚೆನ್ನಾಗಿದೆ, ನಡೆಯಲಿ. ಅಲ್ಲಿ ಕಂಡದ್ದನ್ನು ಅದೇ ಪತ್ರಿಕೆಯಲ್ಲಿ, ಅದೇ ಹೊಳೆಯುವ ಕಾಗದದ ಮೇಲೆ ಪ್ರಕಟಿಸಲಿ. ಇನ್ನು ಸೋಮವಾರ ಸಮಿತಿಯನ್ನು ಕರೆದುಕೊಂಡು ತಾವೇ ಕೆಳಗೆ ಬನ್ನಿ.

ನನ್ನ ಹೆಂಡತಿ ಅಂದು ಶಾಲೆಗೆ ರಜೆ ಹಾಕಿದ್ದಾಳೆ. ಮೆಟ್ಟಿಲ ಪಕ್ಕದ ಅದೇ ಬೆಂಚಿನ ಮೇಲೆ ಇರುತ್ತಾಳೆ. ಟೈಲರ್ ಬರುತ್ತೇನೆಂದಿದ್ದಾರೆ, ಅವರಿಗೆ ತಿಳಿದ ಇನ್ನೂ ಕೆಲವರು ಕೋಲು ಹಿಡಿದೋ ಗಾಲಿಕುರ್ಚಿಯಲ್ಲೋ ಬರುತ್ತಾರೆ. ಆಕೆ ಎಲ್ಲರಿಗೂ ಒಂದೊಂದು ಸೀಟಿ ಕೊಂಡಿಟ್ಟಿದ್ದಾಳೆ. ಸಭೆ ಶುರುವಾಗುವ ಹೊತ್ತಿಗೆ ಕೆಳಗಿನಿಂದ ಸದ್ದು ಬಂದರೆ ದಯವಿಟ್ಟು ಕಾವಲುಗಾರನನ್ನು ಅಟ್ಟಬೇಡಿ. ಅವರು ಹಾಜರಿ ಹೇಳುತ್ತಿರುತ್ತಾರೆ.

ಇಂತಿ, ಮೆಟ್ಟಿಲ ಬುಡದಿಂದ,
ಒಂದು ಹೆಜ್ಜೆಯೂ ಹಿಂದೆ ಸರಿಯದವಳ ಗಂಡ