ಇಳಿದ ಲ್ಯಾಕ್ಟೇಟಿಗೆ ಬಂದ ಹಾರಗಳು

ರೀ,

ಎದ್ದ ಕೂಡಲೇ ಓದಿ. ನಿನ್ನೆ ಸಂಜೆ ಐಸಿಯುವಿನಿಂದ ಬಂದ ರಿಪೋರ್ಟಿನಲ್ಲಿ ಅತ್ತೆಯವರ ರಕ್ತದ ಲ್ಯಾಕ್ಟೇಟ್ ಆರರಿಂದ ಎರಡಕ್ಕೆ ಇಳಿದಿತ್ತು. ಅದು ಇಳಿದರೆ ಜೀವಕ್ಕೆ ಒಳ್ಳೆಯದಂತೆ! ಅದೇನು ನಿಮ್ಮ ದಲಾಲಿ ಅಂಗಡಿಯ ಕಡಲೆ ದರವೇ, ಬಿತ್ತೆಂದು ಬಾಯಿ ಬಡಿದುಕೊಳ್ಳಲು? ಡಾಕ್ಟರನ್ನು ಒಂದು ಮಾತು ಕೇಳದೆ, "ಎರಡಕ್ಕ ಬಿತ್ರೀ, ಅವ್ವ ಉಳಿಯಂಗಿಲ್ಲ" ಅಂತ ಜಕ್ಕಲಿಯ ಬೀಗರಿಗೆಲ್ಲ ಫೋನ್ ಹಚ್ಚಿದಿರಿ.

ಅವರೀಗ ಹಾರ ಹಿಡಿದು ಬಂದು ಪಡಸಾಲೆಯಲ್ಲಿ ಕೂತಿದ್ದಾರೆ. ಚಹಾ ನೀವೇ ಮಾಡಿ, ಮುಖವನ್ನೂ ನೀವೇ ತೋರಿಸಿ. ಶವಯಾತ್ರೆಗೆಂದು ನೀವು ಹೇಳಿಟ್ಟ ಭಜನೆಯವರಿಗೆ ಬರಬೇಡಿ ಎನ್ನಿ.

ನಾನು ದವಾಖಾನೆಗೆ ಹೊರಟೆ. ಅತ್ತೆಯವರು ಕಣ್ಣು ಬಿಟ್ಟು, "ನನ್ನ ಮಗ ಎಲ್ಲ್ಯದಾನ?" ಎಂದು ನರ್ಸಿಗೆ ಕೇಳಿದರಂತೆ. ಏನು ಹೇಳಲಿ? "ನಿಮ್ಮನ್ನ ಮಣ್ಣು ಮಾಡಾಕ ಮಂದಿ ಕೂಡಸಾಕತ್ತಾರ" ಅನ್ನಲೇ?

ರಾಜೇಶ್ವರಿ