ಡಾಕ್ಟರಜ್ಜನ ಪಟ

ಸಾಸ್ವೆಹಳ್ಳಿ
20-11-1983, ಭಾನುವಾರ

ಸಮಸ್ತ ಜಗಳೂರು ಸೀಮೆಯ ಆರನೇ ಕ್ಲಾಸಿಗೆ ಏಕಚ್ಛತ್ರಾಧಿಪತಿ, ಬೆತ್ತಧಾರಿ, ವಿಶ್ವಭಾಷಾವಿಶಾರದ, ಭಾವಕುಲತಿಲಕ ಶ್ರೀಮಾನ್ ನಾಗೇಂದ್ರಪ್ಪ ಮೇಷ್ಟರ ದಿವ್ಯ ಸನ್ನಿಧಾನಕ್ಕೆ, ಸೋದರಮಾವನ ಮಗನೂ ನಿರುದ್ಯೋಗಿಯೂ ಆದ ಓಬಣ್ಣನು ಬೆತ್ತ ಎಟುಕದಷ್ಟು ದೂರದಿಂದಲೇ ಅಡ್ಡಬಿದ್ದು ಮಾಡಿಕೊಳ್ಳುವ ವಿಜ್ಞಾಪನೆ.

ತಮ್ಮ ಕಾರ್ಡು ತಲುಪಿತು. ಡಿಸೆಂಬರ್ ಹದಿನೈದು ಎಸ್ಪೆರಾಂಟೊ ಎಂಬ ವಿಶ್ವಭಾಷೆ ಹುಟ್ಟಿಸಿದ ಜಾಮೆನ್‌ಹಾಫ್ ಅವರ ಜನ್ಮದಿನ, ಅವರ ಪಟ ಶಾಲೆಯಲ್ಲಿ ತೂಗುಹಾಕಬೇಕು, ಕೂಡಲೇ ಕಳಿಸು ಎಂದು ಅಪ್ಪಣೆಯಾಗಿದೆ. ಕಳಿಸಲಾಗುವುದಿಲ್ಲ ಭಾವ. ಪಟ ಕ್ಷೇಮವಾಗಿದೆ. ಅತ್ತೆ, ಅಂದರೆ ತಮ್ಮನ್ನು ಹೆತ್ತ ಉಚ್ಚಂಗಮ್ಮನವರು, ಕ್ಷೇಮವಾಗಿಲ್ಲ.

ಬಲ್ಗೇರಿಯಾದ ನಿಮ್ಮ ಪತ್ರಮಿತ್ರ ಕಳಿಸಿದ ಆ ಅಚ್ಚಿನ ಚಿತ್ರವನ್ನು ಶ್ರಾವಣದಲ್ಲಿ ನನ್ನ ಕೈಗೆ ಕೊಟ್ಟು, ಕಟ್ಟು ಹಾಕಿಸಿಡು ಎಂದು ಹೋದಿರಿ. ಹೊನ್ನಾಳಿಯಲ್ಲಿ ಪಟಕ್ಕೆ ಕಟ್ಟು ಹಾಕುವ ಜಹಾಂಗೀರ್ ಸಾಬರು ಆ ಬೋಳುತಲೆ, ದುಂಡು ಕನ್ನಡಕ, ಗಡ್ಡ ಎಲ್ಲ ನೋಡಿ ನಿಟ್ಟುಸಿರುಬಿಟ್ಟು, "ಹಿರೇರು ತೀರ್ಕಂಡು ಎಷ್ಟು ದಿನ ಆತ್ರೀ?" ಎಂದರು. ನಾನು ಮುಖ ಸಣ್ಣದು ಮಾಡಿಕೊಂಡು, "ಅರವತ್ತಾರು ವರ್ಷ ಆತು ಸಾಬ್ರೆ, ಇನ್ನೂ ಮರೆಯಾಕೆ ಆಗ್ತಿಲ್ಲ" ಎಂದೆ. ಪಾಪ, ಗಂಧದ ಚಕ್ಕೆಯ ಹಾರವನ್ನೂ ಹಾಕಿ ಕೊಟ್ಟರು.

ನಮ್ಮ ಮನೆ ಸೋರುತ್ತದೆಂದು ಪಟವನ್ನು ಅತ್ತೆಯ ಮನೆಯ ಗೋಡೆಗೆ ಹಾಕಿದೆ. ಆಗಲೇ ಅವಳ ಎಡಗಣ್ಣಿಗೆ ಪೊರೆ ಮುಚ್ಚಿತ್ತು. ಬಲಗಣ್ಣನ್ನು ಗಾಜಿಗೆ ತಾಗಿಸುವಷ್ಟು ಹತ್ತಿರ ತಂದು, "ಯಾರೋ ಈ ಅಜ್ಜ?" ಎಂದಳು. "ಕಣ್ಣಿನ ಡಾಕ್ಟ್ರು" ಎಂದೆ. ಇದು ಸುಳ್ಳೇ? ಅವರು ಕಣ್ಣಿನ ವೈದ್ಯರಾಗಿದ್ದರೆಂದು ನೀವೇ ಹೇಳಿದ್ದು. ಅವರ ಭಾಷೆಯಲ್ಲಿ ನಮಸ್ಕಾರಕ್ಕೆ "ಬೋನಾನ್ ತಾಗೋನ್" ಅನ್ನುತ್ತಾರೆ ಎಂದೂ ಹೇಳಿಕೊಟ್ಟೆ. ಅದೂ ನೀವು ಕಲಿಸಿದ್ದೇ. ನನ್ನ ಪಾಲು ಇಷ್ಟೇ.

ಎಂಟು ದಿನ ಬಿಟ್ಟು ಹೋದರೆ ಪಟದ ಮುಂದೆ ಹರಳೆಣ್ಣೆ ದೀಪ ಉರಿಯುತ್ತಿದೆ! ಅತ್ತೆಯೂ ಪಕ್ಕದ ಮನೆಯ ಚೌಡಮ್ಮನೂ ಕೂತು ಇಪ್ಪತ್ತೊಂದು ಸಲ ಬೋನಾನ್ ತಾಗೋನ್ ಎಂದರು. ಆಮೇಲೆ ಅತ್ತೆ ದೀಪದ ಎಣ್ಣೆಯಲ್ಲಿ ಬೆರಳದ್ದಿ ಕಣ್ಣಿಗೆ ಬಿಟ್ಟುಕೊಂಡಳು. ಎಣ್ಣೆಯ ವಿಚಾರ ಚೌಡಮ್ಮನ ತಲೆಯಿಂದ ಬಂದಿರಬೇಕು. ನಾನು ಹೊರಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಎರಡು ತಿಂಗಳು ನಕ್ಕೆ, ಭಾವ.

ದೀಪಾವಳಿಯ ಹೊತ್ತಿಗೆ ಬಲಗಣ್ಣು ಕೆಂಡವಾಯಿತು. ಬೆಳಗಾದರೆ ರೆಪ್ಪೆ ಅಂಟಿಕೊಂಡಿರುತ್ತದೆ. "ಡಾಕ್ಟ್ರಜ್ಜ ಕೆಟ್ಟ ನೀರು ತೆಗೀತಾವ್ನೆ" ಎಂದು ಅವಳೇ ಎಲ್ಲರಿಗೂ ಧೈರ್ಯ ಹೇಳುತ್ತಾಳೆ.

ಮೊನ್ನೆ ಶುಕ್ರವಾರ ಕಣ್ಣಿನ ಶಿಬಿರದ ಡಾಕ್ಟರೊಬ್ಬರು ಹೆಸರು ಬರೆದುಕೊಳ್ಳಲು ಊರಿಗೆ ಬಂದಿದ್ದರು. ಅತ್ತೆಯ ರೆಪ್ಪೆ ಎತ್ತಿ ನೋಡಿದರು. ನನ್ನನ್ನು ಅಂಗಳಕ್ಕೆ ಕರೆದು ಹೇಳಿದರು: ಬಲಗಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗಿದೆ. ಎಣ್ಣೆ ಇವತ್ತೇ ನಿಲ್ಲಿಸಿ ಔಷಧಿ ಬಿಡಬೇಕು, ಇಲ್ಲವಾದರೆ ಆ ಕಣ್ಣು ಹೋಯಿತು. ಹುಣ್ಣು ಆರಿದರೆ ಮಾತ್ರ ಎಡಗಣ್ಣಿನ ಪೊರೆ ತೆಗೆಯುವುದು. ಶಿಬಿರ ಬರುವ ಭಾನುವಾರ, 27ಕ್ಕೆ, ಹೊನ್ನಾಳಿಯಲ್ಲಿ.

ಅತ್ತೆ ಔಷಧಿಯ ಸೀಸೆಯನ್ನು ಮುಟ್ಟಲಿಲ್ಲ. "ಮನೇಲೇ ಡಾಕ್ಟ್ರು ಕುಂತಿರೋವಾಗ ಹೊನ್ನಾಳಿಗೆ ಯಾಕಪ್ಪ ಹೋಗಾಕೆ?" ಎಂದಳು. ಕಾಲು ಹಿಡಿದು, ಅದು ತಮಾಷೆ ಅತ್ತೆ, ಆತ ಭಾಷೆ ಮಾಡಿದ ಮನುಷ್ಯ, ಯಾವತ್ತೋ ಸತ್ತಿದ್ದಾನೆ ಎಂದೆ. ತಲೆಗೆ ಮೊಟಕಿ ನಕ್ಕಳು. "ಹುಟ್ಟಿದಾಗಿಂದ ಸುಳ್ಳು ಹೇಳ್ದೋನು ಇವತ್ತು ನಿಜ ಹೇಳ್ತೀನಿ ಅಂದ್ರೆ ಹೆಂಗೆ ನಂಬ್ಲೋ, ಕಳ್ಳ?" ಪಟವನ್ನು ಬಚ್ಚಿಟ್ಟೆ. ಗೋಡೆಯನ್ನೆಲ್ಲ ಅಂಗೈಯಿಂದ ತಡವಿ ನೋಡಿ, ತಂದು ಹಾಕುವವರೆಗೆ ತುತ್ತು ಮುಟ್ಟಲಿಲ್ಲ.

ಇವತ್ತು ಬೆಳಗ್ಗೆ ಅವಳ ಎದುರಿಗೆ ಹೋಗಿ ಉಸಿರು ಬಿಗಿಹಿಡಿದು ನಿಂತೆ. ಹಲ್ಲು ಕಿರಿದೆ, ನಾಲಿಗೆ ಚಾಚಿದೆ. ಚಿಕ್ಕಂದಿನಿಂದ ಇದಕ್ಕೆ ಒಂದಾದರೂ ಏಟು ಬೀಳದ ದಿನವಿಲ್ಲ. ಅತ್ತೆ ಎದುರಿಗೆ ನನ್ನ ಮುಖವೇ ಇಲ್ಲವೆಂಬಂತೆ ಬಾಗಿಲ ಕಡೆ ನೋಡುತ್ತ, "ಚೌಡಮ್ಮಾ, ಓಬ ಬಂದ್ನೇನೇ?" ಎಂದು ಕೂಗಿದಳು.

ಈ ಕಾಗದ ಬುಧವಾರಕ್ಕೆ ನಿಮ್ಮ ಕೈ ಸೇರಬಹುದು. ಸೇರಿದ ದಿನವೇ ಬಸ್ಸು ಹತ್ತಿ. ಉತ್ತರ ಬರೆದರೆ ಸಾಲದು. ನಿಮ್ಮ ಬಾಯಿಂದಲೇ, ನಿಮ್ಮ ದನಿಯಲ್ಲೇ ಅವಳಿಗೆ ಹೇಳಬೇಕು. ಬೆತ್ತವನ್ನೂ ತನ್ನಿ, ನಾನು ಓಡುವುದಿಲ್ಲ.

ಇಂತಿ, ನಗು ಮರೆತ ನಿಮ್ಮ ಮೈದುನ,
ಓಬಣ್ಣ

ಕಡೆಗೊಂದು ಮಾತು: ಪಟ ಹಾಕಿದ ಮೂರನೇ ದಿನ ನೀವು ಅತ್ತೆಗೆ ಬರೆದ ಕಾಗದ ಬಂತು. ಓದಿ ಹೇಳಿದವನು ನಾನೇ. ಕಣ್ಣಿನ ಶಿಬಿರ ಬಂದರೆ ತಪ್ಪದೆ ಹೋಗು ಎಂದು ನೀವು ಬರೆದಿದ್ದಿರಿ. ನಾನು ಓದಿದ್ದು: "ಅವ್ವಾ, ಡಾಕ್ಟ್ರಜ್ಜನ ಮುಂದೆ ದಿನಾ ದೀಪ ಹಚ್ಚು, ಆ ಎಣ್ಣೆ ಕಣ್ಣಿಗೆ ಬಿಟ್ಕೊ, ಯಾರು ಏನಂದ್ರೂ ನಿಲ್ಲಿಸಬ್ಯಾಡ." ಚೌಡಮ್ಮನ ತಪ್ಪೇನೂ ಇಲ್ಲ. ಓದಿ ಮುಗಿಸಿದ ಮೇಲೆ ಅತ್ತೆ ಕಾಗದವನ್ನು ನನ್ನ ಕೈಯಿಂದ ಇಸಿದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡಳು.